ಸತ್ತ ತಿಮಿಂಗಿಲದ ತುಂಡು ಸಾಲದಾ?

ಡಾಲ್ಫಿನ್, ಸೀಲ್, ತಿಮಿಂಗಿಲಗಳ ಮೈಯಲ್ಲಿ ಕೊಬ್ಬು ಎಷ್ಟು ದಪ್ಪ, ಅದರೊಳಗೆ ಶಬ್ದ ಎಷ್ಟು ವೇಗವಾಗಿ ಹೋಗುತ್ತದೆ ಅಂತ ಅಳೆಯಲು ಅಲ್ಟ್ರಾಸೌಂಡ್ ಹಿಡಿಯುವ ಮಾತು ಬಂದಾಗಲೆಲ್ಲ ನನಗೆ ಈ ಪ್ರಶ್ನೆ ಗ್ಯಾರಂಟಿ: "ಬದುಕಿರೋದಕ್ಕೆ ಸುಮ್ನೆ ಯಾಕೆ ಕಾಟ ಕೊಡ್ತೀರಿ? ದಡಕ್ಕೆ ಬಿದ್ದ ಸತ್ತ ತಿಮಿಂಗಿಲದ ತುಂಡು ಕತ್ತರಿಸಿ ಅಳೆದರೆ ಆಗಲ್ವಾ?"

ಅಳೆಯಬಹುದು, ಅಳೆದೂ ಇದ್ದಾರೆ. ಡಾಲ್ಫಿನ್ ಹಣೆಯೊಳಗಿನ ಕೊಬ್ಬಿನ ಮುದ್ದೆಯಲ್ಲಿ ಶಬ್ದ ನಡುವೆ ನಿಧಾನ, ಅಂಚಿನಲ್ಲಿ ವೇಗ ಎಂಬುದು 1970ರ ದಶಕದಲ್ಲೇ ಸತ್ತ ಪ್ರಾಣಿಯಿಂದ ಗೊತ್ತಾಗಿತ್ತು.

ತೊಡಕಿರುವುದು ಮೈಬಿಸಿಯಲ್ಲಿ. ಜೀವ ಹೋದರೆ ಮೈ ತಣ್ಣಗಾಗುತ್ತದೆ, ಕೊಬ್ಬು ಗಟ್ಟಿಯಾಗುತ್ತದೆ. ಬಿಸಿ ಏರಿದರೆ ಸ್ನಾಯುವಿನಲ್ಲಿ ಶಬ್ದದ ವೇಗವೂ ಏರುತ್ತದೆ. ಕೊಬ್ಬಿನಲ್ಲಿ ಉಲ್ಟಾ, ಇಳಿಯುತ್ತದೆ. ಬದುಕಿರುವ ಪ್ರಾಣಿಯ ಕೊಬ್ಬು ಚರ್ಮದ ಹತ್ತಿರ ಹೆಚ್ಚುಕಡಿಮೆ ಕಡಲಿನಷ್ಟೇ ತಣ್ಣಗಿರುತ್ತದೆ, ಸ್ನಾಯುವಿನ ಹತ್ತಿರ ಬೆಚ್ಚಗಿರುತ್ತದೆ. ರಕ್ತದ ಹರಿವು ಬದಲಾದರೆ ಅದೂ ಬದಲಾಗುತ್ತದೆ. ಫ್ರೀಜರ್‌ನಿಂದ ತೆಗೆದ ತುಂಡಿನಲ್ಲಿ ಇದೆಲ್ಲ ಎಲ್ಲಿ ಸಿಗಬೇಕು?

ವೇಗಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಲು ಕಾರಣವಿದೆ. ಅಲ್ಟ್ರಾಸೌಂಡ್ ಯಂತ್ರ ಅಳೆಯುವುದು ಕೊಬ್ಬಿನ ದಪ್ಪವನ್ನಲ್ಲ, ಪ್ರತಿಧ್ವನಿ ವಾಪಸ್ ಬರಲು ಹಿಡಿದ ಹೊತ್ತನ್ನು. ಶಬ್ದದ ವೇಗ ಸೆಕೆಂಡಿಗೆ 1540 ಮೀಟರ್ ಅಂತ ನಂಬಿಕೊಂಡು ಅದು ಲೆಕ್ಕ ಹಾಕುತ್ತದೆ. ಕೊಬ್ಬಿನಲ್ಲಿ ವೇಗ ಸುಮಾರು 1450. ಅಂದರೆ ಪರದೆ 10 ಸೆಂ.ಮೀ. ಎಂದರೆ ನಿಜಕ್ಕೂ ಇರುವುದು 9.4. ಪ್ರಾಣಿ ಸೊರಗುತ್ತಿದೆಯಾ ಅಂತ ನೋಡುವವರಿಗೆ ಆರು ಮಿಲಿಮೀಟರ್ ಸಣ್ಣದಲ್ಲ. ಬೆನ್ನಿನ ರೆಕ್ಕೆಯಂಥ ತೆಳು ಜಾಗವಾದರೆ ಎರಡೂ ಬದಿಗೆ ಪ್ರೋಬ್ (ಮೈಗೆ ಒತ್ತಿ ಶಬ್ದ ಬಿಡುವ, ಹಿಡಿಯುವ ಭಾಗ) ಇಟ್ಟು, ನಡುವಿನ ಅಂತರವನ್ನು ಕ್ಯಾಲಿಪರ್ ಎಂಬ ದಪ್ಪ ಅಳೆಯುವ ಸಾಧನದಲ್ಲಿ ಅಳೆದು, ವೇಗವನ್ನೇ ನೇರವಾಗಿ ಪಡೆಯಬಹುದು. ತಿಮಿಂಗಿಲದ ಬೆನ್ನಿನಲ್ಲಿ ಈ ಉಪಾಯ ನಡೆಯಲ್ಲ, ಆಚೆ ಬದಿ ಎಂಬುದೇ ಕೈಗೆ ಸಿಗದು. ಉತ್ತರ ಅಟ್ಲಾಂಟಿಕ್‌ನ ರೈಟ್ ತಿಮಿಂಗಿಲ ಎಂಬ ಜಾತಿಯದು ಉಸಿರಾಡಲು ಮೇಲೆ ಬಂದಾಗ ದೋಣಿಯಿಂದ ಉದ್ದ ಕೋಲು ಚಾಚಿ, ತುದಿಯ ಪ್ರೋಬನ್ನು ಬೆನ್ನಿಗೆ ತಾಗಿಸಿ, ಸಿಕ್ಕಷ್ಟು ಪ್ರತಿಧ್ವನಿ ಹಿಡಿದಿದ್ದಾರೆ.

ಸೀಲ್‌ಗಳದ್ದು ಬೇರೆ ಗೋಳು. ಕೂದಲ ನಡುವೆ ಗಾಳಿ ನಿಂತರೆ ಶಬ್ದ ಒಳಗೇ ಹೋಗಲ್ಲ. ಚೆನ್ನಾಗಿ ಒದ್ದೆ ಮಾಡಿ, ಜೆಲ್ ಧಾರಾಳವಾಗಿ ಸುರಿದು ಒತ್ತಬೇಕು. ನೀರಲ್ಲಿರುವ ಡಾಲ್ಫಿನ್‌ಗೆ ಜೆಲ್ಲೂ ಬೇಡ.

"ಡಾಲ್ಫಿನ್‌ಗೆ ಆ ಶಬ್ದ ಕೇಳಿಸಲ್ವಾ?" ಅಂತಲೂ ಕೇಳ್ತಾರೆ. ಅದರ ಕಿವಿ ಸುಮಾರು 150 ಕಿಲೋಹರ್ಟ್ಸ್‌ವರೆಗೆ ಹಿಡಿಯುತ್ತದೆ. ಪ್ರೋಬ್ ಕೆಲಸ ಮಾಡುವುದು ಮೆಗಾಹರ್ಟ್ಸ್‌ಗಳಲ್ಲಿ, ಅದಕ್ಕಿಂತ ಹತ್ತು ಪಟ್ಟಿಗೂ ಮೇಲೆ. ನನ್ನ ಪ್ರಕಾರ ನಿಜವಾದ ಕಾಟ ಕಾಡು ಡಾಲ್ಫಿನನ್ನು ಬಲೆಯಲ್ಲಿ ಹಿಡಿದು ನಿಲ್ಲಿಸುವುದು. ಹಾಗಾಗಿ ಪಳಗಿದ ಡಾಲ್ಫಿನ್ ತಾನಾಗಿ ಬಂದು ಮಗ್ಗುಲಾಗಿ ತೇಲುವ ಕಡೆ ಸಿಗುವ ಅಳತೆಯನ್ನು ಮೊದಲು ಪಡೆಯಬೇಕು. ಬಲೆ ಹಾಕುವುದು ಅದರಿಂದ ಆಗದಿದ್ದರೆ ಮಾತ್ರ.