ಬೋರ್ಡು ಹಾಕಲಾಗದ ಕೊಡುಗೆ

ಆಗಸ್ಟ್ ತಿಂಗಳ ಒಂದು ಗುರುವಾರ. ಬೆಳಗ್ಗೆಯಿಂದ ಸೋನೆ ಮಳೆ ಬಿಟ್ಟಿರಲಿಲ್ಲ. ನಾವು ಮೂವರು ಓಮ್ನಿಯಲ್ಲಿ ಹೊರಟಿದ್ದೆವು. ನನ್ನ ತೊಡೆಯ ಮೇಲೆ ಹನ್ನೊಂದು ಅರ್ಜಿಗಳ ಫೈಲು.

ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ರೋಟರಿ ಕ್ಲಬ್ ನಮ್ಮದು. ಸದಸ್ಯರು 42 ಜನ. ರೋಟರಿಯಲ್ಲಿ ವರ್ಷ ಶುರುವಾಗುವುದು ಜುಲೈ 1ಕ್ಕೆ. ಆಗ ಹೊಸ ಅಧ್ಯಕ್ಷರು ಬರುತ್ತಾರೆ. ಅವರ ಪದಗ್ರಹಣ ಆದ ತಿಂಗಳೊಳಗೆ ನೆರವು ಕೇಳಿ ಅರ್ಜಿಗಳು ಬಂದು ಬೀಳುತ್ತವೆ. ಈ ವರ್ಷ ಯಾರಿಗೆ, ಎಷ್ಟು ಕೊಡುವುದು ಅನ್ನುವುದನ್ನು ನೋಡಿಕೊಂಡು ಬಂದು ಹೇಳುವುದು ನಮ್ಮ ಮೂವರ ಕೆಲಸ. ಬ್ಯಾಂಕಿನಲ್ಲಿ 30 ವರ್ಷ ದುಡಿದವಳು ಅಂತ ನನಗೆ ಲೆಕ್ಕದ ಹೊಣೆ.

ಸದಸ್ಯರು ಕಟ್ಟುವ ಚಂದಾ ಹಣ ಇದಕ್ಕೆ ಬರುವುದಿಲ್ಲ. ಅದು ಕ್ಲಬ್ಬಿನ ಖರ್ಚಿಗೆ, ಮೇಲಿನ ಸಂಸ್ಥೆಗೆ ಹೋಗುತ್ತದೆ. ಕೊಡುಗೆಯ ಹಣಕ್ಕೆ ಬೇರೆ ಖಾತೆ. ಹುಟ್ಟುಹಬ್ಬಕ್ಕೆ, ಮದುವೆಯ ದಿನಕ್ಕೆ ಒಬ್ಬೊಬ್ಬರು ಕೊಟ್ಟದ್ದು, ವರ್ಷಕ್ಕೊಮ್ಮೆ ಸಹಾಯಾರ್ಥ ನಾಟಕ ಆಡಿಸಿ ಟಿಕೆಟ್ ಮಾರಿದ್ದು, ಊರಿನ ಅಂಗಡಿಯವರು ಕೊಟ್ಟದ್ದು. ಎಲ್ಲಾ ಸೇರಿ ಆ ವರ್ಷ 3,20,000 ರೂಪಾಯಿ. ಹನ್ನೊಂದು ಅರ್ಜಿಗಳು ಕೇಳಿದ್ದನ್ನು ಕೂಡಿದರೆ 14 ಲಕ್ಷ ದಾಟುತ್ತಿತ್ತು. ಯಾರಿಗಾದರೂ ಇಲ್ಲ ಅನ್ನಲೇಬೇಕು. ಆ ಕಾರಣಕ್ಕೇ ಹೋಗಿ ನೋಡಬೇಕು ಅನ್ನುವುದು ನನ್ನ ಹಟ.

ಮೊದಲು ಹೋದದ್ದು ಒಂದು ಸರ್ಕಾರಿ ಶಾಲೆಗೆ. ಅವರು ದೊಡ್ಡ ಟಿವಿ ಕೇಳಿದ್ದರು. ಮುಖ್ಯ ಶಿಕ್ಷಕಿ ಕಾಫಿ ತರಿಸಿದರು. ನನ್ನ ಕಣ್ಣು ಮಾತ್ರ ಕೋಣೆಯ ಮೂಲೆಗೆ ಹೋಯಿತು. ನೀರು ಶುದ್ಧ ಮಾಡುವ ಯಂತ್ರ, ಮೇಲೊಂದು ಹಳೇ ಬೆಡ್‌ಶೀಟ್ ಹೊದಿಸಿದ್ದರು. ಬಟ್ಟೆ ಸರಿಸಿದೆ. ನಮ್ಮ ಚಕ್ರದ ಗುರುತು, ಕೆಳಗೆ ಕ್ಲಬ್ಬಿನ ಹೆಸರು, ಇಸವಿ. ಮೂರು ವರ್ಷದ ಹಿಂದೆ ಅದನ್ನು ಕೊಡಿಸಿ ಅಂತ ಬರೆದವಳು ನಾನೇ.

"ಹತ್ತು ತಿಂಗಳು ಚೆನ್ನಾಗಿ ನಡೀತು ಮೇಡಂ. ಆಮೇಲೆ ಫಿಲ್ಟರ್ ಬದಲಾಯಿಸಬೇಕು ಅಂದ್ರು. ಆರು ಸಾವಿರ ಕೇಳಿದ್ರು. ಎಲ್ಲಿಂದ ತರೋದು?" ಅಂದರು ಅವರು.

"ನಮ್ಮನ್ನ ಕೇಳಬಾರದಿತ್ತಾ?"

"ಕೊಟ್ಟವರ ಹತ್ರ ಮತ್ತೆ ಮತ್ತೆ ಹೆಂಗೆ ಕೇಳೋದು ಮೇಡಂ?"

ನನಗೆ ಮಾತು ಹೊರಡಲಿಲ್ಲ. ಯಂತ್ರ ಕೊಟ್ಟ ದಿನ ಫೋಟೋ ತೆಗೆಸಿಕೊಂಡಿದ್ದೆವು, ಮಕ್ಕಳಿಗೆ ಸಿಹಿ ಹಂಚಿದ್ದೆವು. ಒಂದು ವರ್ಷ ಕಳೆದ ಮೇಲೆ ಅದು ಹೇಗಿದೆ ಅಂತ ಒಬ್ಬರೂ ಬಂದು ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಮಕ್ಕಳು ಮನೆಯಿಂದ ತಂದ ಬಾಟಲಿಗಳು ಕಿಟಕಿಯ ಕಟ್ಟೆ ಮೇಲೆ ಸಾಲಾಗಿ ಕೂತಿದ್ದವು. ಟಿವಿಯ ಅರ್ಜಿಯ ಮೇಲೆ ಪೆನ್ಸಿಲಿನಲ್ಲಿ 'ಮೊದಲು ಫಿಲ್ಟರ್' ಅಂತ ಬರೆದುಕೊಂಡೆ.

ನಡುವೆ ಎರಡು ಕಡೆ ಹೋದೆವು. ಒಂದು ಹೊಲಿಗೆ ತರಬೇತಿ ಕೇಂದ್ರ, ಇನ್ನೊಂದು ಗ್ರಂಥಾಲಯ. ಎರಡೂ ಸರಿಯಾಗಿದ್ದವು, ಹೆಚ್ಚು ಹೇಳುವುದೇನಿಲ್ಲ.

ಹನ್ನೆರಡೂವರೆ ಹೊತ್ತಿಗೆ ವಿಶೇಷ ಮಕ್ಕಳ ಶಾಲೆ ತಲುಪಿದೆವು. ಹಂಚಿನ ಮನೆ, ಎರಡು ಕೋಣೆ, 19 ಮಕ್ಕಳು. ಅವರ ಅರ್ಜಿ ಎಲ್ಲಕ್ಕಿಂತ ಚಿಕ್ಕದು, ಅರ್ಧ ಪುಟ. ಒಬ್ಬ ಆಯಾಗೆ ತಿಂಗಳಿಗೆ 8,000 ರೂಪಾಯಿಯಂತೆ ಹತ್ತು ತಿಂಗಳ ಸಂಬಳ, ಒಟ್ಟು 80,000. ನಮ್ಮ ಜೊತೆ ಬಂದಿದ್ದ ಹಿರಿಯರು ಕಾರಿನಲ್ಲೇ ಹೇಳಿದ್ದರು, "ಸಂಬಳಕ್ಕೆಲ್ಲ ನಾವು ಕೊಡಲ್ಲಮ್ಮ, ಸುಮ್ನೆ ನೋಡ್ಕೊಂಡು ಬರೋಣ" ಅಂತ.

ಒಳಗೆ ಊಟದ ಹೊತ್ತು. ಆಯಾ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಎಂಟೊಂಬತ್ತು ವರ್ಷದ ಹುಡುಗ ಅವರ ಎದೆಗೆ ಒರಗಿದ್ದ. ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಮೈಯ ಸ್ನಾಯುಗಳು ಹಿಡಿತಕ್ಕೆ ಸಿಗದ ಸ್ಥಿತಿ ಇರುವ ಮಗು. ಕತ್ತು ನಿಲ್ಲುವುದಿಲ್ಲ, ನುಂಗುವುದೂ ಕಷ್ಟ. ಬಟ್ಟಲಿನಲ್ಲಿ ನುಣ್ಣಗೆ ಹಿಸುಕಿದ ಅನ್ನ ಸಾರು. ಆಕೆ ಎಡಗೈಯಲ್ಲಿ ಅವನ ಗದ್ದ ಹಿಡಿದಿದ್ದರು. ಬಲಗೈಯಲ್ಲಿ ಅರ್ಧ ಚಮಚ ಬಾಯಿಗಿಟ್ಟು ಸುಮ್ಮನೆ ಕಾಯುತ್ತಿದ್ದರು. ಬೆರಳನ್ನು ಗಂಟಲಿನ ಪಕ್ಕ ಮೆಲ್ಲಗೆ ಇಟ್ಟು, ಅವನು ನುಂಗಿದ್ದು ಬೆರಳಿಗೆ ಗೊತ್ತಾದ ಮೇಲೇ ಇನ್ನೊಂದು ಚಮಚ. "ಆತುರ ಮಾಡಿದ್ರೆ ನೆತ್ತಿಗೆ ಹತ್ತತ್ತೆ ಅಕ್ಕ" ಅಂದರು, ನಮ್ಮ ಕಡೆ ತಿರುಗದೆ. ನಾನು ಗಡಿಯಾರ ನೋಡಿದೆ. ಒಂದು ಬಟ್ಟಲು ಮುಗಿಯಲು 25 ನಿಮಿಷ. ಅಂಥ ಮಕ್ಕಳು ಇನ್ನೂ ಮೂವರಿದ್ದರು.

ಆಯಾ ಇಲ್ಲದಿದ್ದರೆ ಆ ನಾಲ್ಕು ಮಕ್ಕಳ ತಾಯಂದಿರು ದಿನಾ ಮಧ್ಯಾಹ್ನ ಬರಬೇಕು. ಅವರೆಲ್ಲ ಕೂಲಿಗೆ ಹೋಗುವವರು. ಕೂಲಿ ಬಿಟ್ಟು ಬರುವುದಕ್ಕಿಂತ ಮಗುವನ್ನು ಮನೆಯಲ್ಲೇ ಬಿಡುವುದು ಸುಲಭ, ಅಲ್ವಾ? ಅಲ್ಲಿಗೆ ಮಗುವಿನ ಶಾಲೆ ನಿಂತ ಹಾಗೆ. ಶಾಲೆಯ ಟೀಚರ್ ಇದನ್ನೆಲ್ಲ ಅರ್ಜಿಯಲ್ಲಿ ಬರೆದೇ ಇರಲಿಲ್ಲ. ಅವರಿಗೆ ಬರೆಯುವ ಪುರಸೊತ್ತೂ ಇರಲಿಲ್ಲ.

ಮುಂದಿನ ಮಂಗಳವಾರ ಬೋರ್ಡ್ ಮೀಟಿಂಗ್. ನಾನು ಆಯಾಳ ಸಂಬಳದ ವಿಷಯ ಎತ್ತಿದೆ. ಬೇಡ ಅಂದವರೂ ಒಳ್ಳೆಯ ಮನಸ್ಸಿನವರೇ. ಅವರ ಪ್ರಶ್ನೆಯಲ್ಲೂ ನ್ಯಾಯ ಇತ್ತು. ಹತ್ತು ತಿಂಗಳಾದ ಮೇಲೆ ಏನು? ಮುಂದಿನ ಅಧ್ಯಕ್ಷರು ಆಗಲ್ಲ ಅಂದರೆ ಆಕೆಯ ಗತಿಯೇನು? ಬೆಂಚು ಕೊಟ್ಟರೆ ಹತ್ತು ವರ್ಷ ಇರುತ್ತದೆ, ಹೆಸರೂ ಉಳಿಯುತ್ತದೆ ಅಂದರು ಒಬ್ಬರು.

ಆಗ ನನಗೆ ನೆನಪಾದದ್ದು ಪೋಲಿಯೊ. ರೋಟರಿಯವರು ಎದೆ ತಟ್ಟಿ ಹೇಳಿಕೊಳ್ಳುವ ಕೆಲಸ ಅದೇ. 1985ರಲ್ಲಿ ಜಗತ್ತಿನಿಂದಲೇ ಪೋಲಿಯೊ ಓಡಿಸುತ್ತೇವೆ ಅಂತ ಸಂಸ್ಥೆ ಪಣ ತೊಟ್ಟಿತು. ನಮ್ಮ ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿತು. 2014ರ ಮಾರ್ಚಿನಲ್ಲಿ ಭಾರತ ಪೋಲಿಯೊ ಮುಕ್ತ ಅಂತ ಪ್ರಮಾಣಪತ್ರ ಬಂತು. ನಾನು ಕ್ಲಬ್ ಸೇರಿದ ಹೊಸದರಲ್ಲಿ ಭಾನುವಾರಗಳಂದು ಬಸ್ ಸ್ಟ್ಯಾಂಡಿನ ಬೂತಿನಲ್ಲಿ ಕೂತು, ಹನಿ ಹಾಕಿಸಿಕೊಂಡ ಮಕ್ಕಳ ಎಡಗೈ ಕಿರುಬೆರಳಿಗೆ ಶಾಯಿ ಹಚ್ಚಿದ್ದೇನೆ. ಮೀಟಿಂಗಿನಲ್ಲಿ ಅದನ್ನೇ ಹೇಳಿದೆ. "ಆ ಹನಿ ತಾನಾಗಿ ಮಕ್ಕಳ ಬಾಯಿಗೆ ಬೀಳಲಿಲ್ಲ. ಮನೆಮನೆಗೆ ಜನ ನಡೆದು ಹೋದರು. ಬರದೇ ಇದ್ದ ಕಾಯಿಲೆಯ ಮೇಲೆ ನಾವು ಎಲ್ಲಿ ಬೋರ್ಡು ಹಾಕಿದ್ದೇವೆ? ಈ ಹೆಂಗಸೂ ಅಂಥದೇ ಕೆಲಸ ಮಾಡ್ತಿದ್ದಾರೆ." ದನಿ ಸ್ವಲ್ಪ ನಡುಗಿತು. ನಡುಗಲಿ ಅಂದುಕೊಂಡೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕಾರಿನಲ್ಲಿ ಕೊಡಲ್ಲಮ್ಮ ಅಂದಿದ್ದ ಹಿರಿಯರೇ ಮೊದಲು ಬಾಯಿ ಬಿಟ್ಟರು. "ಆ 25 ನಿಮಿಷ ನಾನೂ ನೋಡಿದೀನಿ. ಕೊಡೋಣ" ಅಂದರು. ಮುಂದಿನ ವರ್ಷದ ಪ್ರಶ್ನೆಗೆ ದಾರಿ ಹುಡುಕಿದವರೂ ಅವರೇ. ತಿಂಗಳಿಗೆ 200 ರೂಪಾಯಿಯಂತೆ 40 ಜನ ಕೊಟ್ಟರೆ 8,000 ಆಗುತ್ತದೆ, ಯಾವ ಅಧ್ಯಕ್ಷರು ಬಂದರೂ ಅದು ನಿಲ್ಲಬೇಕಿಲ್ಲ ಅಂತ ಚೀಟಿಯ ಹಿಂದೆ ಲೆಕ್ಕ ಹಾಕಿ ತೋರಿಸಿದರು. ಅಲ್ಲೇ 17 ಜನ ಹೆಸರು ಬರೆಸಿದರು. ಶಾಲೆಯ ಫಿಲ್ಟರಿಗೆ ಆರು ಸಾವಿರವೂ ಪಾಸಾಯಿತು. ಟಿವಿ ಆ ವರ್ಷ ಆಗಲಿಲ್ಲ. ಮುಖ್ಯ ಶಿಕ್ಷಕಿಗೆ ನಾನೇ ಫೋನ್ ಮಾಡಿ ಹೇಳಿದೆ.

ಚೆಕ್ ಕೊಡುವ ಕಾರ್ಯಕ್ರಮ ಸಮುದಾಯ ಭವನದಲ್ಲಿ, ಮಧ್ಯಾಹ್ನ ಹನ್ನೆರಡಕ್ಕೆ ಅಂತ ಗೊತ್ತಾಯಿತು. ಆಯಾ ಕೂಡ ವೇದಿಕೆಗೆ ಬರಲಿ ಅಂತ ಕರೆಯಲು ಹೋದೆ. ಅವರು ಬಟ್ಟಲು ತೊಳೆಯುತ್ತಾ ನಿಂತಿದ್ದರು.

"ಹನ್ನೆರಡಕ್ಕೆ ಆಗಲ್ಲ ಅಕ್ಕ. ಮಕ್ಕಳಿಗೆ ಊಟದ ಹೊತ್ತು."

ಉಳಿದವರಿಗೆಲ್ಲ ಭವನದಲ್ಲಿ ಚೆಕ್ ಕೊಟ್ಟು ಮುಗಿಸಿ, ಅಧ್ಯಕ್ಷರೂ ನಾವು ಹತ್ತು ಹನ್ನೆರಡು ಜನರೂ ಶಾಲೆಗೇ ಹೋದೆವು. ಒಳಗೆ ಆ ಹುಡುಗನ ಊಟ ಇನ್ನೂ ನಡೆದಿತ್ತು. ಅಧ್ಯಕ್ಷರು ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಲಕೋಟೆಯನ್ನು ಜೇಬಿಗಿಟ್ಟುಕೊಂಡು, ಜಗಲಿಯ ಮೇಲೆ ಕೂತರು. ಬಟ್ಟಲು ಖಾಲಿ ಆಗುವವರೆಗೂ ನಾವೆಲ್ಲ ಅಲ್ಲೇ ಕೂತಿದ್ದೆವು.