ಬ್ಯಾರಿ ಆಶ್ಬಿ ಬೋರ್ಡ್: ಮೂರನೇ ವಾರದವರೆಗಿನ ಕೆಲಸ

ಮೂರಡಿ ಉದ್ದ, ಎರಡಡಿ ಅಗಲದ ಪ್ಲೈವುಡ್. ಉಪ್ಪುಕಾಗದ ಹಾಕಿ ಉಜ್ಜಿ, ಕಿತ್ತಳೆ ಬಣ್ಣದ ಎನಾಮೆಲ್ ಎರಡು ಕೋಟ್ ಹೊಡೆದಾಯಿತು. ಗ್ಯಾರೇಜಿನ ಚಳಿಗೆ ಒಂದೊಂದು ಕೋಟ್ ಒಣಗಲು ಎರಡು ದಿನ ಹಿಡಿಯಿತು. ಅಕ್ಷರಕ್ಕೆ ಕಪ್ಪು. ಅಮೆರಿಕದ ಫಿಲಡೆಲ್ಫಿಯಾ ಫ್ಲೈಯರ್ಸ್ ಐಸ್ ಹಾಕಿ ತಂಡದ ಬಣ್ಣಗಳೇ ಅವು.

ಈ ತಂಡ ಪ್ರತಿ ವರ್ಷ ತನ್ನ ಅತ್ಯುತ್ತಮ ಡಿಫೆನ್ಸ್‌ಮನ್‌ಗೆ, ಹಿಂದೆ ಇದೇ ತಂಡದಲ್ಲಿ ಆಡಿದ್ದ ಬ್ಯಾರಿ ಆಶ್ಬಿಯ ಹೆಸರಿನ ಟ್ರೋಫಿ ಕೊಡುತ್ತದೆ. ನಮ್ಮ ಕೊಡಗಿನ ಹಾಕಿ ನೋಡಿದವರಿಗೆ ಫುಲ್ ಬ್ಯಾಕ್ ಅಂದರೆ ಸಾಕು, ಗೊತ್ತಾಗುತ್ತದೆ. ನಾವಿರುವುದು ಫಿಲಡೆಲ್ಫಿಯಾದಿಂದ ನದಿ ದಾಟಿದರೆ ಸಿಗುವ ಚೆರ್ರಿ ಹಿಲ್‌ನಲ್ಲಿ. ಇಲ್ಲಿಗೆ ಬಂದ ಮೇಲೆ ಈ ಆಟ ಹಿಡಿಸಿತು. ಈ ಟ್ರೋಫಿಯ ಕತೆ ಅದಕ್ಕಿಂತ ಜಾಸ್ತಿ ಹಿಡಿಸಿತು. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆದು ಮನೆಯ ಗೋಡೆಗೆ ಹಾಕಬೇಕು ಅಂತ ಹೊರಟೆ.

ಸೀಮೆಸುಣ್ಣ ಹಚ್ಚಿದ ದಾರ ಎಳೆದು ಗೆರೆ ಹೊಡೆದೆ. ಮೊದಲ ಸಾಲು 'ಬ್ಯಾರಿ ಆಶ್ಬಿ ಟ್ರೋಫಿ', ಅದರ ಕೆಳಗೆ 'ಫಿಲಡೆಲ್ಫಿಯಾ ಫ್ಲೈಯರ್ಸ್'. ನಡುವೆ ಒಂದೂವರೆ ಇಂಚು ಬಿಟ್ಟಿದ್ದೆ. ಸಾಲಲಿಲ್ಲ. ಮೊದಲ ಸಾಲಿನ ಮೂರು ಪದಕ್ಕೂ ಒತ್ತಕ್ಷರ ಇದೆ, ನೋಡಿ. 'ಶ್ಬಿ'ಯ ಬ ಒತ್ತು ಇಳಿದು ಬಂದು ಕೆಳಗಿನ 'ಲ್ಫಿ'ಯ ಗುಡಿಸಿಗೆ ತಾಗಿತು. ಹಸಿ ಇರುವಾಗಲೇ ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿದೆ. ಕಿತ್ತಳೆ ಬಣ್ಣವೂ ಸ್ವಲ್ಪ ಎದ್ದು ಬಂತು. ಆ ಜಾಗಕ್ಕೆ ಮತ್ತೆ ಕೋಟ್ ಹೊಡೆದು, ಎರಡೂಕಾಲು ಇಂಚು ಬಿಟ್ಟು ಹೊಸದಾಗಿ ಗೆರೆ ಹಾಕಿದೆ. ಕನ್ನಡದ ಬೋರ್ಡ್ ಬರೆಯುವವರು ಅಕ್ಷರದ ಎತ್ತರ ನೋಡಿದರೆ ಸಾಲದು, ಒತ್ತು ಎಷ್ಟು ಕೆಳಗೆ ಇಳಿಯುತ್ತದೆ ಅನ್ನುವುದನ್ನು ಮೊದಲೇ ಅಳೆಯಬೇಕು.

ಎರಡನೇ ವಾರ ಆಶ್ಬಿಯ ವಿವರಗಳು. ಆತ ಹುಟ್ಟಿದ್ದು 1939ರಲ್ಲಿ, ಕೆನಡಾದ ಒಂಟಾರಿಯೊದಲ್ಲಿ. ಬಾಸ್ಟನ್ ತಂಡದಲ್ಲಿ ಬರೀ 14 ಪಂದ್ಯ ಸಿಕ್ಕಿತ್ತು. ಉಳಿದಂತೆ ವರ್ಷಗಟ್ಟಲೆ ಹರ್ಷಿಯಂಥ ಕೆಳ ಲೀಗಿನ ತಂಡದಲ್ಲೇ ಆಡಿದ. 1970ರಲ್ಲಿ ಫ್ಲೈಯರ್ಸ್‌ಗೆ ಬರುವ ಹೊತ್ತಿಗೆ ವಯಸ್ಸು ಮೂವತ್ತು ದಾಟಿತ್ತು. 1973-74ರಲ್ಲಿ ಇಡೀ ಲೀಗಿನ ಎರಡನೇ ಆಲ್-ಸ್ಟಾರ್ ತಂಡಕ್ಕೆ, ಅಂದರೆ ಆ ವರ್ಷದ ಅತ್ಯುತ್ತಮ ಆಟಗಾರರ ಎರಡನೇ ಪಟ್ಟಿಗೆ, ಆಯ್ಕೆಯಾದ. 1974ರ ಏಪ್ರಿಲ್ 28ರಂದು ನ್ಯೂಯಾರ್ಕ್ ರೇಂಜರ್ಸ್ ಜೊತೆ ಸೆಮಿಫೈನಲ್ಲಿನ ನಾಲ್ಕನೇ ಪಂದ್ಯ. ಓವರ್‌ಟೈಮ್ ನಡೆಯುತ್ತಿತ್ತು. ರೇಂಜರ್ಸ್‌ನ ಡೇಲ್ ರೋಲ್ಫ್ ಹೊಡೆದ ಪಕ್ ನೇರವಾಗಿ ಆಶ್ಬಿಯ ಬಲಗಣ್ಣಿಗೆ ಬಡಿಯಿತು. ಪಕ್ ಅಂದರೆ ಗಟ್ಟಿ ರಬ್ಬರಿನ ಬಿಲ್ಲೆ, ಸುಮಾರು 170 ಗ್ರಾಂ ತೂಕ. ಆತನ ಆಟ ಅಲ್ಲಿಗೇ ಮುಗಿಯಿತು. ಮೂರು ವಾರ ಕಳೆದು, ಮೇ 19ರಂದು, ಫ್ಲೈಯರ್ಸ್ ಬಾಸ್ಟನ್ನನ್ನು 1-0ಯಿಂದ ಸೋಲಿಸಿ ಮೊದಲ ಸಲ ಲೀಗಿನ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಗೆದ್ದಿತು. ಕಪ್ಪಿನ ಮೇಲೆ ಆಶ್ಬಿಯ ಹೆಸರೂ ಇದೆ.

ಆಮೇಲೆ ಆತ ಅದೇ ತಂಡದಲ್ಲಿ ಸಹಾಯಕ ಕೋಚ್ ಆದ. ಟ್ರೋಫಿ ಶುರುವಾಗಿದ್ದು 1974-75ರಲ್ಲಿ, ಅಂದರೆ ಆತ ಬದುಕಿದ್ದಾಗಲೇ. ಇದು ನನಗೆ ತುಂಬ ಸಮಾಧಾನ ಕೊಡುವ ವಿಷಯ. ತನ್ನ ಹೆಸರಿನ ಬಹುಮಾನ ತಾನೇ ಕಲಿಸುವ ಹುಡುಗರ ಕೈ ಸೇರುವುದನ್ನು ನೋಡುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ? 1977ರ ಮೇ ತಿಂಗಳಲ್ಲಿ ರಕ್ತದ ಕ್ಯಾನ್ಸರ್ ಆತನನ್ನು ಕರೆದೊಯ್ದಿತು. ಆಗ ವಯಸ್ಸು 37.

ಇಷ್ಟೆಲ್ಲ ಬೋರ್ಡಿನಲ್ಲಿ ಹಿಡಿಸುವುದಿಲ್ಲ. ಹೆಸರಿನ ಕೆಳಗೆ '284 ಪಂದ್ಯ, 15 ಗೋಲ್' ಅಂತಷ್ಟೇ ಬರೆದೆ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಮಗಳು, "ಅಪ್ಪಾ, ಬರೀ ಹದಿನೈದೇ ಗೋಲಾ? ಅದನ್ನ ಯಾಕೆ ಬರೀತೀಯಾ?" ಅಂದಳು. ಬ್ರಶ್ ಕೆಳಗಿಟ್ಟು ಹೇಳಿದೆ: "ಅವರು ಗೋಲ್ ಹೊಡೆಯೋಕೆ ಇದ್ದವರಲ್ಲ ಪುಟ್ಟಾ, ಬೇರೆಯವರು ಹೊಡೆಯೋದನ್ನ ತಡೆಯೋಕೆ ಇದ್ದವರು. ತಡೆದದ್ದನ್ನ ಯಾರೂ ಎಣಿಸಿ ಇಡಲ್ಲ, ಅಲ್ವಾ?" ಆ ಸಾಲನ್ನು ಅಳಿಸಲಿಲ್ಲ.

ಈ ವಾರ ಗೆದ್ದವರ ಸಾಲು. ಎಲ್ಲರ ಹೆಸರು ಬರೆಯಲು ಜಾಗ ಇಲ್ಲ. ಜಾಸ್ತಿ ಸಲ ಗೆದ್ದವರಲ್ಲಿ ಮೂವರನ್ನು ಇಟ್ಟುಕೊಂಡೆ. ಏಳು ಸಲ ಗೆದ್ದ ಎರಿಕ್ ಡೇಜಾರ್ಡಾನ್, ಐದು ಸಲ ಗೆದ್ದ ಫಿನ್‌ಲ್ಯಾಂಡಿನ ಕಿಮ್ಮೊ ಟಿಮೊನೆನ್, ನಾಲ್ಕು ಸಲ ಗೆದ್ದ ಮಾರ್ಕ್ ಹೌ. ಕಿಮ್ಮೊ ಕನ್ನಡಕ್ಕೆ ಹೇಳಿ ಮಾಡಿಸಿದ ಹೆಸರು, ಮ ಒತ್ತು ಎಷ್ಟು ಚೆನ್ನಾಗಿ ಕೂತಿದೆ! ಕಷ್ಟ ಕೊಟ್ಟಿದ್ದು ಡೇಜಾರ್ಡಾನ್. ಫ್ರೆಂಚ್ ಹೆಸರು, ಅದರ 'ಜಾ'ದ ನಿಜವಾದ ಉಚ್ಚಾರ ನಮ್ಮ ಅಕ್ಷರಮಾಲೆಯಲ್ಲಿಲ್ಲ. ಕೊನೆಯ ಸ್ವರ ಅರ್ಧ ಮೂಗಿನಲ್ಲಿ ಬರುತ್ತದೆ. ಕಾಗದದ ಮೇಲೆ ಐದಾರು ರೀತಿ ಬರೆದು ನೋಡಿ, ಓದುವವರ ನಾಲಿಗೆಗೆ ಸಲೀಸಾದದ್ದನ್ನೇ ಇಟ್ಟುಕೊಂಡೆ. ಅರ್ಕಾವತ್ತಿನ ಬಾಲ ಸ್ವಲ್ಪ ದಪ್ಪವಾಗಿದೆ. ದೂರದಿಂದ ಓದಲು ಅದೇ ಅನುಕೂಲ, ಹಾಗೇ ಬಿಡುತ್ತೇನೆ.

ಮಾರ್ಕ್ ಹೌ ಬಗ್ಗೆ ಒಂದು ಮಾತು. 1980ರಲ್ಲಿ ಹಾರ್ಟ್‌ಫರ್ಡ್ ತಂಡದಲ್ಲಿದ್ದಾಗ ಜಾರಿ ಹೋಗಿ ಗೋಲಿನ ಬಲೆಗೆ ಬಡಿದ, ನಡುವಿನ ಲೋಹದ ಚೂಪು ಮೈಗೆ ಹೊಕ್ಕು ತುಂಬ ರಕ್ತ ಹೋಯಿತು. ಆಮೇಲೆ ಲೀಗ್ ಆ ಬಲೆಯ ವಿನ್ಯಾಸವನ್ನೇ ಬದಲಾಯಿಸಿತು. ಅಂಥವನು 1982ರಲ್ಲಿ ಫ್ಲೈಯರ್ಸ್‌ಗೆ ಬಂದು ಆಶ್ಬಿಯ ಹೆಸರಿನ ಟ್ರೋಫಿಯನ್ನು ನಾಲ್ಕು ಸಲ ಎತ್ತಿದ.

ಉಳಿದಿರುವುದು ಬಲಗಡೆಯ ಮೂಲೆ. ಆಶ್ಬಿಯ ಜೆರ್ಸಿ ನಂಬರ್ 4. 1977ರ ಅಕ್ಟೋಬರಿನಿಂದ ತಂಡ ಅದನ್ನು ಬೇರೆ ಯಾರಿಗೂ ಕೊಟ್ಟಿಲ್ಲ. ಅದನ್ನು ಕನ್ನಡದ ೪ ಆಗಿ, ಆರಿಂಚು ಎತ್ತರಕ್ಕೆ ಬರೆಯುತ್ತೇನೆ. ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ಇಟ್ಟಿದ್ದೇನೆ. ಶನಿವಾರ ಬಿಸಿಲು ಬಂದರೆ ಬಣ್ಣ ತುಂಬುತ್ತೇನೆ.