11 ದಿನ ಮಿಟುಕಿದ ಹಳದಿ ದೀಪ

ನಮ್ಮ ಮನೆ ಹತ್ತಿರದ ಸರ್ಕಲ್ಲಿನ ಸಿಗ್ನಲ್ ಮೊನ್ನೆ ಮೊನ್ನೆ 11 ದಿನ ಬರೀ ಹಳದಿ ದೀಪ ಮಿಟುಕಿಸಿಕೊಂಡು ನಿಂತಿತ್ತು. ನಾಲ್ಕು ಕಡೆಗೂ ಹಳದಿ. ಹಳದಿ ಮಿಟುಕಿದರೆ ನಿಧಾನವಾಗಿ, ಆಚೆ ಈಚೆ ನೋಡಿಕೊಂಡು ಹೋಗಿ ಅಂತ ಅರ್ಥ. ಬೆಂಗಳೂರಲ್ಲಿ ಅದರ ಅರ್ಥ, ಯಾರ ಹಾರ್ನ್ ಜೋರೋ ಅವರು ಮೊದಲು. ಬೆಳಿಗ್ಗೆ ಎಂಟೂವರೆಗೆ ಸ್ಕೂಲ್ ವ್ಯಾನು, ನೀರಿನ ಟ್ಯಾಂಕರು, ಬಿಎಂಟಿಸಿ ಬಸ್ಸು ಮೂರೂ ಮಧ್ಯದಲ್ಲಿ ಮೂತಿಗೆ ಮೂತಿ ಕೊಟ್ಟು ನಿಂತುಬಿಡುತ್ತಿದ್ದವು. ಮೂಲೆಯಲ್ಲಿ ಎಳನೀರು ಮಾರುವವರು ಮಚ್ಚು ಕೆಳಗಿಟ್ಟು ಬಂದು, ಕೈ ಬೀಸಿ ಒಬ್ಬೊಬ್ಬರನ್ನೇ ಬಿಡಿಸುತ್ತಿದ್ದರು. ಮಚ್ಚು ಕೈಯಲ್ಲೇ ಇದ್ದಿದ್ದರೆ ಇನ್ನೂ ಬೇಗ ಬಿಡುತ್ತಿದ್ದರೇನೋ.

ಸರಿ, ಯಾರಿಗಾದರೂ ಹೇಳೋಣ ಅಂತ ಹೊರಟೆ. ಯಾರಿಗೆ?

ಇಲ್ಲಿಂದಲೇ ಮಜಾ ಶುರು. ಬೆಂಗಳೂರಿನಲ್ಲಿ ಸಿಗ್ನಲ್ ನಡೆಸುವವರು ಟ್ರಾಫಿಕ್ ಪೊಲೀಸರು. ಅದು ನಿಂತಿರುವ ರಸ್ತೆ, ಫುಟ್‌ಪಾತು ಪಾಲಿಕೆಯದು. (ಆ ಪಾಲಿಕೆಯೂ 2025ರ ಸೆಪ್ಟೆಂಬರ್‌ನಿಂದ ಒಂದಲ್ಲ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು.) ಕರೆಂಟು ಬೆಸ್ಕಾಂದು. ದೀಪಕ್ಕೆ ಅಡ್ಡ ಬಂದ ಮರದ ಕೊಂಬೆ ಕಡಿಯಲು ಪಾಲಿಕೆಯ ಅರಣ್ಯ ವಿಭಾಗದವರು ಬರಬೇಕು, ಪೊಲೀಸರು ಸುಮ್ನೆ ಗರಗಸ ಹಿಡಿದು ಹತ್ತುವ ಹಾಗಿಲ್ಲ. ರಸ್ತೆ ಕೆಳಗೆ ಜಲಮಂಡಳಿಯ ಪೈಪು, ಇಂಟರ್ನೆಟ್ ಕಂಪನಿಗಳ ಕೇಬಲ್ಲು, ಇವುಗಳ ನಡುವೆ ಎಲ್ಲೋ ಸಿಗ್ನಲ್ಲಿನ ಸ್ವಂತ ವೈರು. ರಿಪೇರಿ ಮಾಡುವವರು ಇವರ್ಯಾರೂ ಅಲ್ಲ, ವಾರ್ಷಿಕ ನಿರ್ವಹಣೆಯ ಗುತ್ತಿಗೆ ಹಿಡಿದ ಕಂಪನಿಯ ಹುಡುಗರು. ಒಂದು ಕಂಬ, ಆರು ಯಜಮಾನರು.

ನನ್ನ ದೂರು ಒಂದು ಆ್ಯಪಿನಿಂದ ಇನ್ನೊಂದು ನಂಬರಿಗೆ, ಅಲ್ಲಿಂದ ಮತ್ತೊಂದು ಕಚೇರಿಗೆ ಓಡಾಡಿತು. ಯಾರೂ ಒರಟಾಗಿ ಮಾತಾಡಲಿಲ್ಲ, ಅದನ್ನೂ ಹೇಳಬೇಕು. ಎಲ್ಲರೂ ಬಹಳ ವಿನಯದಿಂದ "ಅದು ನಮ್ಮದಲ್ಲ ಸಾರ್" ಎಂದರು.

11ನೇ ದಿನ ಮಧ್ಯಾಹ್ನ ಬೈಕಿನಲ್ಲಿ ಒಬ್ಬ ಟೆಕ್ನಿಷಿಯನ್ ಬಂದ. ಹಿಂದೆ ಒಂದು ಏಣಿ, ಅದನ್ನು ಹಿಡಿದುಕೊಂಡು ಕೂತ ಇನ್ನೊಬ್ಬ ಹುಡುಗ. ಫುಟ್‌ಪಾತಿನ ಮೇಲಿರುವ ಬೂದು ಬಣ್ಣದ ಡಬ್ಬಿಯ ಬಾಗಿಲು ತೆಗೆದ. ಅದನ್ನು ನಾನು ಇಷ್ಟು ವರ್ಷ ಬೆಸ್ಕಾಂ ಡಬ್ಬಿ ಅಂದುಕೊಂಡಿದ್ದೆ. ಅದೇ ಕಂಟ್ರೋಲರ್ ಅಂತೆ, ಸಿಗ್ನಲ್ಲಿನ ಮೆದುಳು. ಒಳಗೆ ಬೆರಳು ದಪ್ಪ ಧೂಳು, ಜೇಡರ ಬಲೆ, ಒಂದು ಸತ್ತ ಹಲ್ಲಿ. ನಾನು ಎಳನೀರು ಕುಡಿಯುವ ನೆಪದಲ್ಲಿ ಪಕ್ಕದಲ್ಲೇ ನಿಂತೆ, ಅವನಿಗೂ ಒಂದು ಕೊಡಿಸಿದೆ.

"ಇಷ್ಟು ದಿನ ಕೆಟ್ಟು ನಿಂತಿತ್ತಲ್ಲಪ್ಪ" ಅಂದೆ.

"ಕೆಟ್ಟಿರಲಿಲ್ಲ ಸಾರ್, ಹೆದರ್ಕೊಂಡಿತ್ತು" ಅಂದ.

ಆಮೇಲೆ ವಿವರಿಸಿದ. ಕಂಟ್ರೋಲರ್ ದೀಪ ಹಚ್ಚಿ ಸುಮ್ಮನಾಗುವುದಿಲ್ಲ, ದೀಪ ನಿಜವಾಗಿ ಉರಿಯಿತಾ ಅಂತ ವೈರಿನ ಕರೆಂಟು ನೋಡಿ ತಿಳಿದುಕೊಳ್ಳುತ್ತಲೇ ಇರುತ್ತದೆ. ಒಂದು ಕಡೆಯ ಕೆಂಪು ಉರಿಯುತ್ತಿಲ್ಲ ಅಂದುಕೊಳ್ಳಿ. ಆ ಕಡೆಯವರು ನಿಲ್ಲುವುದಿಲ್ಲ, ಆಗ ಅಡ್ಡ ರಸ್ತೆಗೆ ಹಸಿರು ಕೊಟ್ಟರೆ ಡಿಕ್ಕಿ ಗ್ಯಾರಂಟಿ. ಒಂದಕ್ಕೊಂದು ಅಡ್ಡ ಬರುವ ಎರಡು ರಸ್ತೆಗೆ ಒಟ್ಟಿಗೆ ಹಸಿರು ಬಂದರೂ ಅಷ್ಟೇ. ಇಂಥದ್ದು ಕಂಡ ಕೂಡಲೇ ಅದು ತನ್ನ ಕೆಲಸ ಬಿಟ್ಟು ಎಲ್ಲಾ ಕಡೆ ಹಳದಿ ಮಿಟುಕಿಸಲು ಶುರು ಮಾಡುತ್ತದೆ. ತಪ್ಪು ಹೇಳುವುದಕ್ಕಿಂತ ಏನೂ ಹೇಳದೆ ಇರೋಣ ಅಂತ. ನಮ್ಮ ಸರ್ಕಲ್ಲಿನಲ್ಲಿ ಆಗಿದ್ದೂ ಅದೇ. ಯಾರೋ ಕೇಬಲ್ ಹಾಕಲು ರಾತ್ರೋರಾತ್ರಿ ರಸ್ತೆ ಅಗೆದಿದ್ದರು, ಜೊತೆಗೆ ಒಂದು ಕೆಂಪು ದೀಪದ ವೈರನ್ನೂ ಕತ್ತರಿಸಿ, ಮೇಲೆ ಮಣ್ಣು ಮುಚ್ಚಿ ಹೋಗಿದ್ದರು. ಎಲ್ಲಿ ತುಂಡಾಗಿದೆ ಅಂತ ಹುಡುಕಲು ಅವನಿಗೆ ಎರಡು ಗಂಟೆ ಬೇಕಾಯಿತು. ಜೋಡಿಸಲು ಹತ್ತು ನಿಮಿಷ.

ಅವನ ಮಾತು ಕೇಳಿದ ಮೇಲೆ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು. ಒಂದಷ್ಟು ಓದಿದೆ, ಸಿವಿಲ್ ಓದಿದ ಸ್ನೇಹಿತನ ತಲೆ ತಿಂದೆ. ನಾವು ಸಿಗ್ನಲ್ಲಿನಲ್ಲಿ ನಿಂತು ಬೈಯುವ ಸೆಕೆಂಡುಗಳ ಹಿಂದೆ ಒಂದು ಲೆಕ್ಕ ಇದೆ, ಅದು ನಾನಂದುಕೊಂಡಿದ್ದಕ್ಕಿಂತ ಚೆನ್ನಾಗಿದೆ.

ಮೊದಲು ಗಾಡಿ ಎಣಿಸಬೇಕು. ಎಲ್ಲವನ್ನೂ ಒಂದೇ ಥರ ಎಣಿಸುವ ಹಾಗಿಲ್ಲ. ಕಾರು ಒಂದು ಅಂದರೆ ಬೈಕು ಹೆಚ್ಚುಕಮ್ಮಿ ಅರ್ಧ, ಬಸ್ಸು ಸುಮಾರು ಮೂರು. ಆಮೇಲೆ ಪ್ರತಿ ಕಡೆಗೂ ಎಷ್ಟು ಹೊತ್ತು ಹಸಿರು ಅಂತ ಹಂಚಬೇಕು. ಇಲ್ಲಿ ಒಂದು ಕಳ್ಳ ಕೂತಿದ್ದಾನೆ, ವ್ಯರ್ಥ ಸಮಯ ಅಂತ ಅವನ ಹೆಸರು. ಹಸಿರು ಬಿದ್ದ ಕೂಡಲೇ ಯಾರೂ ಹೊರಡುವುದಿಲ್ಲ, ಮುಂದಿನವನು ಫೋನು ಜೇಬಿಗೆ ಹಾಕಿ ಗೇರ್ ಹಾಕಲು ಒಂದೆರಡು ಸೆಕೆಂಡು. ಕೊನೆಗೆ ಹಳದಿ, ಆಮೇಲೆ ಎಲ್ಲಾ ಕಡೆಯೂ ಕೆಂಪಾಗಿರುವ ಒಂದೆರಡು ಸೆಕೆಂಡು, ಮಧ್ಯೆ ಸಿಕ್ಕಿಕೊಂಡವರು ದಾಟಲಿ ಅಂತ. ಒಟ್ಟಿನಲ್ಲಿ ಪ್ರತಿ ಸಲ ಹಸಿರು ಬದಲಾದಾಗ ಸುಮಾರು ಐದು ಸೆಕೆಂಡು ಯಾರಿಗೂ ಸಿಗದೆ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ನಾಲ್ಕು ರಸ್ತೆಗೆ ಒಂದೊಂದಾಗಿ ಬಿಟ್ಟರೆ ಒಂದು ಸುತ್ತಿಗೆ 20 ಸೆಕೆಂಡು ವ್ಯರ್ಥ. ಸುತ್ತು 120 ಸೆಕೆಂಡಿನದ್ದಾದರೆ ಗಂಟೆಗೆ 30 ಸುತ್ತು, ಅಂದರೆ 600 ಸೆಕೆಂಡು. ಗಂಟೆಗೆ ಹತ್ತು ನಿಮಿಷ ಇಡೀ ಜಂಕ್ಷನ್ ಖಾಲಿ ಉಸಿರು ಬಿಡುತ್ತಾ ನಿಂತಿರುತ್ತದೆ.

ಹಾಗಾದರೆ ಸುತ್ತು ಉದ್ದ ಮಾಡಿದರೆ? 240 ಸೆಕೆಂಡು ಮಾಡಿ, ವ್ಯರ್ಥ ಐದೇ ನಿಮಿಷಕ್ಕೆ ಇಳಿಯುತ್ತದೆ. ಪೀಕ್ ಅವರ್‌ನಲ್ಲಿ ಪೊಲೀಸಪ್ಪ ಡಬ್ಬಿ ತೆಗೆದು ಮ್ಯಾನುಯಲ್‌ಗೆ ಹಾಕಿ, ಒಂದೇ ಕಡೆ ನಿಮಿಷಗಟ್ಟಲೆ ಬಿಡುತ್ತಾರಲ್ಲ, ನಾವೆಲ್ಲ ಒಳಗೊಳಗೇ ಶಾಪ ಹಾಕುತ್ತೇವಲ್ಲ, ಅವರ ತಲೆಯಲ್ಲಿ ಈ ಲೆಕ್ಕವೇ ಇರುತ್ತದೆ, ಅಂಕಿ ಹಾಕಿರುವುದಿಲ್ಲ ಅಷ್ಟೇ. ತೊಂದರೆ ಎಲ್ಲಿ ಅಂದರೆ, ಉಳಿದ ಮೂರು ಕಡೆ ಕ್ಯೂ ಬೆಳೆದು ಬೆಳೆದು ಹಿಂದಿನ ಜಂಕ್ಷನ್ ಬಾಯಿಗೆ ಬಂದು ಮುಚ್ಚಿಕೊಳ್ಳುತ್ತದೆ. ಆಮೇಲೆ ಅಲ್ಲಿ ಹಸಿರು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಸುತ್ತು ಎಷ್ಟಿರಬೇಕು ಅಂತ 1958ರಲ್ಲಿ ಬ್ರಿಟನ್ನಿನ ವೆಬ್‌ಸ್ಟರ್ ಎಂಬ ಎಂಜಿನಿಯರ್ ಒಂದು ಸೂತ್ರ ಕೊಟ್ಟ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇವತ್ತಿಗೂ ಅದನ್ನೇ ಕಲಿಸುತ್ತಾರೆ. ಒಂದು ಸುತ್ತಿನ ವ್ಯರ್ಥ ಸಮಯವನ್ನು ಒಂದೂವರೆ ಪಟ್ಟು ಮಾಡಿ, ಐದು ಕೂಡಿಸಿ, ರಸ್ತೆಯಲ್ಲಿ ಎಷ್ಟು ಪಾಲು ಜಾಗ ಉಳಿದಿದೆಯೋ ಅದರಿಂದ ಭಾಗಿಸಿ. ನಮ್ಮ 20 ಸೆಕೆಂಡಿನ ಲೆಕ್ಕವನ್ನೇ ಹಾಕಿ ನೋಡಿದೆ. ಜಂಕ್ಷನ್ 70 ಪರ್ಸೆಂಟ್ ತುಂಬಿದ್ದರೆ, ಅಂದರೆ 0.3 ಪಾಲು ಉಳಿದಿದ್ದರೆ, ಸುತ್ತು 117 ಸೆಕೆಂಡು ಬರುತ್ತದೆ. 85 ಪರ್ಸೆಂಟ್ ತುಂಬಿದರೆ 233. 95 ಪರ್ಸೆಂಟ್ ಆದರೆ 700 ಸೆಕೆಂಡು! ಹತ್ತಿರ ಹತ್ತಿರ ಹನ್ನೆರಡು ನಿಮಿಷ. ಅಂದರೆ ಅಲ್ಲಿಗೆ ಸೂತ್ರವೂ ಕೈ ಚೆಲ್ಲಿತು. ಸಂಜೆ ಆರೂವರೆಗೆ ಔಟರ್ ರಿಂಗ್ ರೋಡಿನಲ್ಲಿ ನಿಂತಾಗ "ಟೈಮಿಂಗ್ ಸರಿ ಇಲ್ಲ" ಅಂತ ಬೈಯುವವರ ಗುಂಪಿನಲ್ಲಿ ನಾನೂ ಇದ್ದೆ. ಈಗ ಅನ್ನಿಸುತ್ತದೆ, ಅಷ್ಟು ತುಂಬಿದ ಮೇಲೆ ದೀಪದ ಕೈಯಲ್ಲಿ ಮಾಡುವುದಕ್ಕೆ ಜಾಸ್ತಿ ಏನೂ ಉಳಿದಿರುವುದಿಲ್ಲ.

ನಡೆದು ಹೋಗುವವರ ಲೆಕ್ಕ ಇನ್ನೂ ಬೇರೆ. ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಅಂತ ಸಾಮಾನ್ಯವಾಗಿ ಹಿಡಿಯುತ್ತಾರೆ. 15 ಮೀಟರ್ ಅಗಲದ ರಸ್ತೆಗೆ ಹನ್ನೆರಡೂವರೆ ಸೆಕೆಂಡು. ಒಂದು ಸಂಜೆ ಅಮ್ಮನ ಜೊತೆ ದಾಟುವಾಗ ಫೋನಿನಲ್ಲಿ ಟೈಮ್ ನೋಡಿದೆ. ಮಂಡಿನೋವು, ಕೈಯಲ್ಲಿ ಸೊಪ್ಪಿನ ಚೀಲ. 21 ಸೆಕೆಂಡು. "ಏನೋ ಅದು, ನನ್ನ ಓಟದ ಸ್ಪರ್ಧೆಗೆ ಬಿಟ್ಟಿದೀಯಾ?" ಅಂದಳು. ಹಸಿರು ಮನುಷ್ಯ ಮಾಯವಾದಾಗ ಅಮ್ಮ ಇನ್ನೂ ಮೂರನೇ ಲೇನಿನಲ್ಲಿದ್ದಳು.

ಇನ್ನು ಹೊಸ ತಂತ್ರಜ್ಞಾನ. ಮೊದಲೆಲ್ಲ ಗಾಡಿ ಬಂತೋ ಇಲ್ಲವೋ ತಿಳಿಯಲು ಡಾಂಬರಿನ ಕೆಳಗೆ ತಂತಿಯ ಸುರುಳಿ ಹೂಳುತ್ತಿದ್ದರು. ನಮ್ಮಲ್ಲಿ ರಸ್ತೆಯನ್ನು ಮೂರು ತಿಂಗಳಿಗೊಮ್ಮೆ ಒಬ್ಬರಲ್ಲ ಒಬ್ಬರು ಅಗೆಯುವಾಗ ಸುರುಳಿ ಎಷ್ಟು ದಿನ ಉಳಿಯಬೇಕು? ಈಗ ಕ್ಯಾಮೆರಾ ಬಂದಿದೆ, ಅದು ಮೇಲಿಂದ ನೋಡಿ ಎಣಿಸುತ್ತದೆ. ತಿರುವನಂತಪುರದ ಸಿ-ಡಾಕ್ (ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ) ಮಾಡಿದ ಕೋಸಿಕಾಸ್ಟ್ ಎಂಬ ವ್ಯವಸ್ಥೆಯನ್ನು ಬೆಂಗಳೂರಿನ 165 ಜಂಕ್ಷನ್‌ಗಳಿಗೆ ಹಾಕುವ ಕೆಲಸ 2024ರಲ್ಲಿ ಸುದ್ದಿಯಾಯಿತು. ಗಾಡಿ ಜಾಸ್ತಿ ಇರುವ ಕಡೆ ಹಸಿರು ತಾನೇ ಉದ್ದವಾಗುತ್ತದೆ, ಖಾಲಿ ಇರುವ ಕಡೆ ಬೇಗ ಮುಗಿಯುತ್ತದೆ. ಗೂಗಲ್‌ನವರು ಕೂಡ ಮ್ಯಾಪ್ಸ್ ಮಾಹಿತಿ ನೋಡಿ ಟೈಮಿಂಗ್ ಬಗ್ಗೆ ಪೊಲೀಸರಿಗೆ ಸಲಹೆ ಕೊಡುತ್ತಾರೆ. ಕೆಲವು ಕಡೆ ಇಳಿಯುವ ಅಂಕಿಯ ಟೈಮರ್ ಕಾಣೆಯಾಗಿದೆ ಅಂತ ಜನ ಸಿಟ್ಟಾಗಿದ್ದು ಇದೇ ಕಾರಣಕ್ಕೆ. ಹಸಿರು ಎಷ್ಟು ಹೊತ್ತು ಅಂತ ಸಿಗ್ನಲ್ಲಿಗೇ ಮೊದಲೇ ಗೊತ್ತಿಲ್ಲದಿದ್ದರೆ ನಮಗೆ 47, 46, 45 ಅಂತ ಹೇಗೆ ತೋರಿಸುತ್ತದೆ? ನನಗೂ ಟೈಮರ್ ಇಷ್ಟ, ಎಂಜಿನ್ ಆರಿಸಬಹುದು. ಆದರೆ ಕೊನೆಯ ಮೂರು ಸೆಕೆಂಡಿನಲ್ಲಿ ಬೈಕಿನವರು ಜೀಬ್ರಾ ದಾಟಿ ನಡು ರಸ್ತೆಗೆ ಬಂದು ನಿಲ್ಲುವುದೂ ಅದರ ದೆಸೆಯಿಂದಲೇ.

ನನಗೆ ಇದರಲ್ಲಿ ಒಂದೇ ತಕರಾರು. ಹೊಸದು ಹಾಕಿದಾಗ ಪೇಪರಿನಲ್ಲಿ ಫೋಟೊ ಬರುತ್ತದೆ. 2022ರಲ್ಲಿ ವಿಶ್ವ ಹೃದಯ ದಿನದ ನೆಪದಲ್ಲಿ ಕೆಲವು ಸಿಗ್ನಲ್ಲುಗಳ ಕೆಂಪು ದೀಪ ಹೃದಯದ ಆಕಾರಕ್ಕೆ ಬಂದಿತ್ತು, ನೆನಪಿದೆಯಾ? ಅದಕ್ಕೂ ಫೋಟೊ ಬಂತು. ದೀಪದ ಗಾಜಿನ ಧೂಳು ಒರೆಸಿದವನ ಫೋಟೊ ಬರುವುದಿಲ್ಲ. ಧೂಳು ಕೂತ ದೀಪ ಮಧ್ಯಾಹ್ನದ ಬಿಸಿಲಿಗೆ ಹಸಿರೋ ಕೆಂಪೋ ಗೊತ್ತಾಗುವುದಿಲ್ಲ, ಕ್ಯಾಮೆರಾ ಮೇಲೆ ಕೂತರೆ ಅದು ಗಾಡಿ ಎಣಿಸುವುದರಲ್ಲೇ ಎಡವುತ್ತದೆ. ಎಂಥಾ ಎಐ ಇದ್ದರೂ ಒದ್ದೆ ಬಟ್ಟೆ ಹಿಡಿದು ಏಣಿ ಹತ್ತುವವನೊಬ್ಬ ಬೇಕೇ ಬೇಕು.

ಕಳ್ಳರ ಕಾಟ ಬೇರೆ. ಕರೆಂಟು ಹೋದರೂ ಸಿಗ್ನಲ್ ನಡೆಯಲಿ ಅಂತ ಬ್ಯಾಟರಿ ಇಟ್ಟಿರುತ್ತಾರಲ್ಲ, 2021–22ರಲ್ಲಿ ಗಂಡ-ಹೆಂಡತಿ ಜೋಡಿಯೊಂದು 68 ಜಂಕ್ಷನ್‌ಗಳಿಂದ 230ಕ್ಕೂ ಜಾಸ್ತಿ ಬ್ಯಾಟರಿ ಎತ್ತಿದ ಪ್ರಕರಣ ಬೆಂಗಳೂರಲ್ಲಿ ದೊಡ್ಡ ಸುದ್ದಿಯಾಗಿತ್ತು. ಒಂದೊಂದು 18 ಕೆಜಿ. ಸ್ಕೂಟರಿನಲ್ಲಿ! ಇದನ್ನು ಟೆಕ್ನಿಷಿಯನ್‌ಗೆ ಹೇಳಿದೆ. ಅವನು ನಗಲಿಲ್ಲ. "ನಾವು ಒಂದು ಬ್ಯಾಟರಿ ಎತ್ತೋಕೆ ಇಬ್ಬರು ಬರ್ತೀವಿ ಸಾರ್" ಅಂದ.

ಸಂಜೆ ನಾಲ್ಕಕ್ಕೆ ಕೆಂಪು, ಹಸಿರು ಮತ್ತೆ ಬಂತು. ಎಳನೀರಿನವರು ಚಪ್ಪಾಳೆ ತಟ್ಟಿದರು.

ಆದರೆ ಮಾರನೇ ದಿನದಿಂದ ಹೊಸ ಕಥೆ. ಕಂಟ್ರೋಲರ್ ಒಳಗೆ ಒಂದು ಗಡಿಯಾರ ಇರುತ್ತದೆ. ಬೆಳಗಿನ ಪೀಕಿಗೆ ಒಂದು ಟೈಮಿಂಗ್, ಮಧ್ಯಾಹ್ನಕ್ಕೆ ಒಂದು, ರಾತ್ರಿಗೆ ಇನ್ನೊಂದು, ಗಡಿಯಾರ ನೋಡಿ ಅದು ಬದಲಾಯಿಸಿಕೊಳ್ಳಬೇಕು. ಸಾಲಾಗಿರುವ ಸಿಗ್ನಲ್ಲುಗಳು ಒಂದರ ಹಿಂದೊಂದು ಹಸಿರಾಗಬೇಕಾದರೂ ಎಲ್ಲರ ಗಡಿಯಾರ ಒಂದೇ ಇರಬೇಕು. ಎರಡು ಜಂಕ್ಷನ್ ನಡುವೆ 500 ಮೀಟರ್, ಗಾಡಿ 36 ಕಿ.ಮೀ. ವೇಗದಲ್ಲಿ ಬಂದರೆ 50 ಸೆಕೆಂಡು ಬಿಟ್ಟು ಮುಂದಿನದು ಹಸಿರಾಗಬೇಕು. ಗಡಿಯಾರ ಅರ್ಧ ನಿಮಿಷ ಹಿಂದೆ ಬಿದ್ದರೂ ಎಲ್ಲಾ ಎಡವಟ್ಟು. ನಮ್ಮದು ಅರ್ಧ ನಿಮಿಷವಲ್ಲ, ಪೂರ್ತಿ ದಿಕ್ಕು ತಪ್ಪಿದೆ ಅಂತ ನನ್ನ ಅನುಮಾನ. ಬೆಳಿಗ್ಗೆ ಒಂಬತ್ತಕ್ಕೆ ಮೇನ್ ರೋಡಿಗೆ ಬರೀ 15 ಸೆಕೆಂಡು ಹಸಿರು, ನಾಲ್ಕು ಮನೆ ಇರುವ ಕ್ರಾಸಿಗೂ 15. ರಾತ್ರಿ ಹನ್ನೊಂದಕ್ಕೆ ಖಾಲಿ ರಸ್ತೆಯಲ್ಲಿ ಒಂದೂವರೆ ನಿಮಿಷ ಕೆಂಪು, ನಾನೂ ಒಂದು ಬೀದಿನಾಯಿಯೂ ಕಾಯುತ್ತಾ ನಿಂತಿರುತ್ತೇವೆ. ಅದು ಹಗಲನ್ನು ರಾತ್ರಿ ಅಂದುಕೊಂಡಿದೆ.

ನಿನ್ನೆ ಮತ್ತೆ ದೂರು ಕೊಟ್ಟೆ. ಫೋನ್ ಎತ್ತಿದವರು ಕೇಳಿದರು: "ಸಿಗ್ನಲ್ ಉರೀತಿದೆಯಾ ಸಾರ್?" ಉರೀತಿದೆ ಅಂದೆ. "ಮತ್ತೇನು ಸಾರ್ ಕಂಪ್ಲೇಂಟು?"